ಹಳೆಯ ಯಂತ್ರ, ಹೊಸ ಆಟ

ಗೃಹಸ್ಥನ ಮನೆಯಲ್ಲಿ ವಸ್ತುಗಳಿಗೆ ಆಯುಸ್ಸು ಹೆಚ್ಚು. ಅಜ್ಜಿಯ ಕಾಲದ ಒರಳುಕಲ್ಲು ಮೊಮ್ಮಗಳ ಕಾಲಕ್ಕೂ ಹಿಟ್ಟು ರುಬ್ಬುತ್ತದೆ. ಮದುವೆಯಲ್ಲಿ ಬಂದ ಹೊಲಿಗೆಯ ಯಂತ್ರವು ಮೂವತ್ತು ವರ್ಷಗಳ ಮೇಲೆಯೂ ಎರಡು ತೊಟ್ಟು ಎಣ್ಣೆ ಬಿಟ್ಟರೆ ತಕರಾರಿಲ್ಲದೆ ಓಡುತ್ತದೆ. ಇವು ಕೆಟ್ಟಾಗ ಮಾತ್ರ ಹಳೆಯವು. ಕೆಡದಿದ್ದರೆ ಅವುಗಳ ವಯಸ್ಸನ್ನು ಕೇಳುವವರಿಲ್ಲ. ಆದರೆ ಮಧ್ಯಮ ವರ್ಗದ ಮನೆಗೆ ಈಚಿನ ಒಂದೆರಡು ತಲೆಮಾರಿನಲ್ಲಿ ಬಂದು ಸೇರಿದ ಒಂದು ಯಂತ್ರಕ್ಕೆ ಈ ನ್ಯಾಯ ಸಲ್ಲದು. ಕಂಪ್ಯೂಟರು ಕೆಡುವುದಕ್ಕೆ ಮೊದಲೇ ಹಳೆಯದಾಗುತ್ತದೆ. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ತೆರೆ ಬೆಳಗುತ್ತದೆ, ಕೀಲಿಮಣೆ ಓಗೊಡುತ್ತದೆ. ಆದರೂ ಮನೆಯ ಹುಡುಗ ಒಂದು ಹೊಸ ಆಟವನ್ನು ತಂದು ಹಾಕಿದೊಡನೆ “ಇದು ನನ್ನಿಂದಾಗದು” ಎಂದು ಮುಖ ತಿರುಗಿಸುತ್ತದೆ.

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಲ್ಲಿ ತಾಯಲೂರು ಒಂದು ಹೋಬಳಿ ಕೇಂದ್ರ. ಕನ್ನಡವೂ ತೆಲುಗೂ ಒಂದೇ ಜಗುಲಿಯ ಮೇಲೆ ಕುಳಿತು ಮಾತನಾಡುವ ಗಡಿಸೀಮೆ ಅದು. ಟೊಮೇಟೊ, ರೇಷ್ಮೆ, ಹಾಲು ಇವುಗಳಿಂದ ಬದುಕು ಸಾಗಿಸುವ ಜಿಲ್ಲೆ. ಓದಿದ ಮಕ್ಕಳು ಬೆಂಗಳೂರಿನ ದಾರಿ ಹಿಡಿಯುವುದು ವಾಡಿಕೆ. ಇಂಥ ಊರುಗಳಿಗೆ ಕಂಪ್ಯೂಟರು ಬರುವ ಬಗೆಯೊಂದು ಉಂಟು. ನಗರದಲ್ಲಿರುವ ಅಣ್ಣನೋ ಸೋದರಮಾವನೋ ತನಗೆ ಹೊಸದನ್ನು ಕೊಂಡಾಗ, ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ, “ಮಕ್ಕಳ ಓದಿಗಾಗುತ್ತದೆ” ಎಂದು ಊರಿಗೆ ಕಳುಹಿಸುತ್ತಾನೆ. ಇಲ್ಲವೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಯಾವುದೋ ಕಚೇರಿ ಬಳಸಿ ಬಿಟ್ಟ ಯಂತ್ರವನ್ನು ಚೌಕಾಸಿ ಮಾಡಿ ತರುವುದುಂಟು. ಹೀಗೆ ಯಂತ್ರಗಳು ನಗರದಿಂದ ಹಳ್ಳಿಗೆ ಇಳಿಯುತ್ತವೆ. ಆಟಗಳ ಬೇಡಿಕೆಯಾದರೋ ವರ್ಷದಿಂದ ವರ್ಷಕ್ಕೆ ಏರುತ್ತದೆ. ಇಳಿಯುವುದೂ ಏರುವುದೂ ಸಂಧಿಸುವ ಜಾಗದಲ್ಲಿ ಒಬ್ಬ ಹುಡುಗ ಸಪ್ಪೆ ಮೋರೆ ಹಾಕಿಕೊಂಡು ಕುಳಿತಿರುತ್ತಾನೆ.

ಅಂಥ ಮನೆಯಲ್ಲಿ ದಸರಾ ರಜೆಯ ದಿನಗಳಲ್ಲಿ ದೂರವಾಣಿಯ ಮೂಲಕ ನಡೆಯುವ ಸಂಭಾಷಣೆಯು ಹೆಚ್ಚು ಕಡಿಮೆ ಹೀಗಿರುತ್ತದೆ:

“ಮಾಮ, ನೀವು ಕಳಿಸಿದ ಕಂಪ್ಯೂಟರು ಚೆನ್ನಾಗಿದೆ. ಆಟ ಮಾತ್ರ ಬರೋದಿಲ್ಲ.”

“ಯಾಕೋ, ಏನನ್ನುತ್ತೆ?”

“ಯಾವುದೋ ಒಂದು ಫೈಲು ಇಲ್ಲ ಅನ್ನುತ್ತೆ. ಆ ಫೈಲು ತಂದು ಹಾಕಿದೆ. ಈಗ ಇನ್ನೊಂದು ಇಲ್ಲ ಅನ್ನುತ್ತೆ.”

“ಎಲ್ಲಿಂದ ತಂದೆ?”

ಈ ಕೊನೆಯ ಪ್ರಶ್ನೆಗೆ ಉತ್ತರ ಬರುವುದು ತಡವಾಗುತ್ತದೆ. ಆ ತಡವರಿಕೆಯಲ್ಲಿಯೇ ಈ ವಿಷಯದ ಮುಖ್ಯವಾದ ಅಪಾಯವಿದೆ. ಅದಕ್ಕೆ ಬರುವ ಮುನ್ನ, ಯಂತ್ರವು ಹಾಗೆ ಏಕೆ ಹಟ ಮಾಡುತ್ತದೆಂಬುದನ್ನು ತಿಳಿಯುವುದು ಒಳ್ಳೆಯದು.

ಕರೆದರೆ ಓಗೊಡದ ಹೆಸರು

ಕಂಪ್ಯೂಟರಿನಲ್ಲಿ ಆಪರೇಟಿಂಗ್ ಸಿಸ್ಟಂ ಎಂಬುದು ಹಿಂದಿನ ಕಾಲದ ಹಳ್ಳಿಯ ಶಾನುಭೋಗರಂತೆ. ನೆಲ, ನೀರು, ಕಂದಾಯ ಯಾವುದೇ ಆಗಲಿ, ಅವರ ಕಡತದ ಮೂಲಕವೇ ನಡೆಯಬೇಕು. ಆಟದ ತಂತ್ರಾಂಶವು ತಾನೇ ನೇರವಾಗಿ ತೆರೆಯ ಮೇಲೆ ಚಿತ್ರ ಬರೆಯುವುದಿಲ್ಲ, ತಾನೇ ಧ್ವನಿ ಹೊರಡಿಸುವುದಿಲ್ಲ. “ಇಷ್ಟು ಜ್ಞಾಪಕಸ್ಥಳ ಬೇಕು, ಈ ಕಡತ ತೆರೆಯಬೇಕು, ಈ ಚಿತ್ರವನ್ನು ಮೂಡಿಸಬೇಕು” ಎಂದು ಆಪರೇಟಿಂಗ್ ಸಿಸ್ಟಮಿಗೆ ಅರ್ಜಿ ಹಾಕಿಕೊಳ್ಳುತ್ತದೆ. ಪ್ರತಿಯೊಂದು ಅರ್ಜಿಗೂ ಒಂದು ನಿಗದಿಯಾದ ಹೆಸರುಂಟು. ಇಂಥ ಹೆಸರುಗಳು ಸಾವಿರಾರು. ಹೊಸ ಆವೃತ್ತಿ ಬಂದಂತೆಲ್ಲ ಹೊಸ ಹೆಸರುಗಳು ಸೇರುತ್ತವೆ.

ಆಟವನ್ನು ತೆರೆದೊಡನೆ ಮೊದಲು ನಡೆಯುವುದು ಹಾಜರಿಯ ಕೂಗು. ತನಗೆ ಬೇಕಾದ ಹೆಸರುಗಳನ್ನೆಲ್ಲ ಆಟವು ಕೂಗುತ್ತದೆ. ವಿಂಡೋಸ್ 10ನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಆಟವು ವಿಂಡೋಸ್ 7ರ ಮನೆಯಲ್ಲಿ ಹಾಗೆ ಕೂಗಿದರೆ, ಕೆಲವು ಹೆಸರುಗಳಿಗೆ ಓಗೊಡುವವರೇ ಇಲ್ಲ. ಒಬ್ಬ ಗೈರುಹಾಜರಾದರೂ ಸಾಕು, ಆಟ ಆರಂಭವಾಗುವುದಿಲ್ಲ. ಹುಡುಗ ಕಂಡ “ಫೈಲು ಇಲ್ಲ” ಎಂಬ ಬರಹದ ಅರ್ಥ ಬಹುಮಟ್ಟಿಗೆ ಇದೇ. ಒಂದು ಫೈಲನ್ನು ಎಲ್ಲಿಂದಲೋ ತಂದಿಟ್ಟರೆ, ಆ ಫೈಲು ತನ್ನ ಸರದಿಯಲ್ಲಿ ಮತ್ತೊಂದು ಹೆಸರನ್ನು ಕೂಗುತ್ತದೆ. ಆದುದರಿಂದಲೇ ಈ ಬೇಟೆಗೆ ಕೊನೆಯಿಲ್ಲ.

ಇದು ಮೊದಲನೆಯ ತಡೆ. ಎರಡನೆಯದು ಚಿತ್ರದ್ದು. ವಿಂಡೋಸಿನ ಆಟಗಳಲ್ಲಿ ಬಹುಪಾಲು ಡೈರೆಕ್ಟ್‌ಎಕ್ಸ್ ಎಂಬ ಏರ್ಪಾಡಿನ ಮೂಲಕ ಚಿತ್ರ ಬರೆಯುತ್ತವೆ. ಅದರ 9ನೆಯ ಆವೃತ್ತಿಯವರೆಗೆ ವಿಂಡೋಸ್ ಎಕ್ಸ್‌ಪಿಗೆ ದಕ್ಕಿತು. 10ನೆಯದು ವಿಸ್ತಾದೊಡನೆ ಬಂದಿತು. 11ನೆಯದು ವಿಂಡೋಸ್ 7ರೊಡನೆ. 12ನೆಯದು 2015ರಲ್ಲಿ ವಿಂಡೋಸ್ 10ರೊಡನೆ. ಮೂರನೆಯ ತಡೆಯು ಲೋಹದ್ದೇ. 2011ರಿಂದೀಚೆಗೆ ಬಂದ ಇಂಟೆಲ್ ಸಂಸ್ಕಾರಕಗಳಲ್ಲಿ ಎ.ವಿ.ಎಕ್ಸ್. ಎಂಬ ಹೊಸ ಲೆಕ್ಕದ ವಿಧಾನಗಳು ಸೇರಿದವು. ಕೆಲವು ಆಟಗಳು ಅವುಗಳನ್ನು ಬಯಸುತ್ತವೆ. ಅದಕ್ಕಿಂತ ಹಳೆಯ ಕೋರ್ 2 ಡ್ಯುಯೋ ಯಂತ್ರದಲ್ಲಿ ಅವು ಇಲ್ಲವೇ ಇಲ್ಲ. 32 ಬಿಟ್ಟಿನ ವ್ಯವಸ್ಥೆಯಾಗಿದ್ದರೆ ಮತ್ತೊಂದು ಮಿತಿ: ಅದು ಎಣಿಸಬಲ್ಲ ಜ್ಞಾಪಕಸ್ಥಳದ ಮನೆಸಂಖ್ಯೆಗಳು 4,294,967,296 ಮಾತ್ರ, ಎಂದರೆ 4 ಗಿಗಾಬೈಟು. ಇಂದಿನ ದೊಡ್ಡ ಆಟಗಳಿಗೆ ಅಷ್ಟು ಸ್ಥಳ ಅರೆಹೊಟ್ಟೆಗೂ ಸಾಲದು.

ಈ ಮೂರು ತಡೆಗಳನ್ನು ಬೇರೆ ಬೇರೆಯಾಗಿ ನೋಡತಕ್ಕದ್ದು. ಮೊದಲನೆಯದನ್ನು ಜಾಣ್ಮೆಯಿಂದ ದಾಟಬಹುದು. ಎರಡನೆಯದನ್ನು ಕೆಲವೊಮ್ಮೆ ದಾಟಬಹುದು. ಮೂರನೆಯದನ್ನು ದಾಟುವುದು ಹೆಚ್ಚುಕಡಿಮೆ ವ್ಯರ್ಥ ಪ್ರಯಾಸ.

ತಾರೀಖುಗಳ ಲೆಕ್ಕ

ಯಂತ್ರಗಳಿಗೂ ನಿವೃತ್ತಿಯ ವಯಸ್ಸನ್ನು ಕಂಪನಿಗಳು ಗೊತ್ತುಮಾಡಿವೆ. ವಿಂಡೋಸ್ ಎಕ್ಸ್‌ಪಿ 2001ರ ಅಕ್ಟೋಬರ್ 25ರಂದು ಮಾರಾಟಕ್ಕೆ ಬಂದಿತು. ಕನ್ನಡಿಗರಿಗೆ ಅದರ ಮೇಲೆ ವಿಶೇಷ ಮಮತೆ ಇರಲು ಕಾರಣವುಂಟು. ತುಂಗಾ ಎಂಬ ಕನ್ನಡ ಅಕ್ಷರಶೈಲಿಯು ವಿಂಡೋಸಿನೊಳಗೆ ಸೇರಿದ್ದು ಅದರಲ್ಲಿಯೇ. ಅದಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಆರೈಕೆ 2014ರ ಏಪ್ರಿಲ್ 8ಕ್ಕೆ ನಿಂತಿತು. 2009ರ ಅಕ್ಟೋಬರ್ 22ರಂದು ಬಂದ ವಿಂಡೋಸ್ 7ಕ್ಕೆ 2020ರ ಜನವರಿ 14 ಕೊನೆಯ ದಿನವಾಯಿತು. ವಿಂಡೋಸ್ 8.1ಕ್ಕೆ 2023ರ ಜನವರಿ 10. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ ರಕ್ಷಣೆಯ ತಿದ್ದುಪಡಿಗಳು ಮಾತ್ರ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ ದೊರೆಯುವಂತೆ ಏರ್ಪಾಡು ಮಾಡಲಾಯಿತು.

ಆರೈಕೆ ನಿಂತಿತೆಂದರೆ ಯಂತ್ರ ನಿಂತಿತೆಂದಲ್ಲ. ಹೊಸದಾಗಿ ಕಂಡ ಬಿರುಕುಗಳನ್ನು ಮುಚ್ಚುವವರು ಇಲ್ಲವಾದರು ಎಂದಷ್ಟೇ ಅರ್ಥ. ಆದರೆ ಒಬ್ಬರು ಕೈಬಿಟ್ಟೊಡನೆ ಉಳಿದವರೂ ಒಬ್ಬೊಬ್ಬರಾಗಿ ಕೈಬಿಡುತ್ತಾರೆ. ಚಿತ್ರಫಲಕಗಳನ್ನು ತಯಾರಿಸುವ ಎ.ಎಂ.ಡಿ. ಮತ್ತು ಎನ್‌ವಿಡಿಯಾ ಸಂಸ್ಥೆಗಳು ವಿಂಡೋಸ್ 7ಕ್ಕೆ ಹೊಸ ಆಟಗಳಿಗೆ ಹೊಂದುವ ಚಾಲಕ ತಂತ್ರಾಂಶ ಕೊಡುವುದನ್ನು 2021ರಲ್ಲಿ ನಿಲ್ಲಿಸಿದವು. ಗೂಗಲ್ ಸಂಸ್ಥೆಯ ಕ್ರೋಮ್ ಎಂಬ ಜಾಲದರ್ಶಕವು 2023ರಲ್ಲಿ 109ನೆಯ ಆವೃತ್ತಿಯೊಡನೆ ವಿಂಡೋಸ್ 7ಕ್ಕೆ ವಿದಾಯ ಹೇಳಿತು.

ಈ ಕೊನೆಯ ವಿದಾಯಕ್ಕೂ ಆಟಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ. ಇಂದು ಕಂಪ್ಯೂಟರಿನ ಆಟಗಳನ್ನು ಕೊಳ್ಳುವ ದೊಡ್ಡ ಸಂತೆ ಸ್ಟೀಮ್. ಅಮೆರಿಕದ ವಾಲ್ವ್ ಸಂಸ್ಥೆ ಇದನ್ನು 2003ರಲ್ಲಿ ತೆರೆಯಿತು. ಸಂತೆಯ ಬಾಗಿಲನ್ನು ತೆರೆಯುವ ತಂತ್ರಾಂಶದೊಳಗೆ ಕ್ರೋಮಿನ ಅಂಗವೊಂದು ಅಡಗಿದೆ. ಆ ಅಂಗವು ಹಳೆಯ ವಿಂಡೋಸಿನಲ್ಲಿ ನಡೆಯದಾದ ಕಾರಣ, ಸ್ಟೀಮ್ ಸಹ 2019ರ ಜನವರಿ 1ರಂದು ಎಕ್ಸ್‌ಪಿ ಮತ್ತು ವಿಸ್ತಾಗಳನ್ನೂ, 2024ರ ಜನವರಿ 1ರಂದು ವಿಂಡೋಸ್ 7, 8 ಮತ್ತು 8.1ನ್ನೂ ಕೈಬಿಟ್ಟಿತು.

ಇದರಿಂದ ಒಂದು ವಿಚಿತ್ರವಾದ ಅನ್ಯಾಯ ಉಂಟಾಯಿತು. ಹೊಸ ಆಟ ಹಳೆಯ ಯಂತ್ರದಲ್ಲಿ ನಡೆಯದಿರುವುದು ಅರ್ಥವಾಗುವ ಮಾತು. ಆದರೆ 2010ರಲ್ಲಿ ಹಣ ಕೊಟ್ಟು ಕೊಂಡು, ಅದೇ ವಿಂಡೋಸ್ 7ರಲ್ಲಿ ವರ್ಷಗಟ್ಟಲೆ ಆಡಿದ ಆಟವೂ ಬಾಗಿಲಿನ ಕಾರಣದಿಂದ ಒಳಗೇ ಉಳಿದುಹೋಗುವ ಸಂಭವ ಬಂದಿತು. ಆಟ ಹಾಗೆಯೇ ಇದೆ, ಯಂತ್ರ ಹಾಗೆಯೇ ಇದೆ. ಎರಡರ ನಡುವೆ ನಿಂತ ದ್ವಾರಪಾಲಕ ಮಾತ್ರ ಬದಲಾಗಿದ್ದಾನೆ.

ಕಂಪನಿಗಳ ವಾದವನ್ನೂ ಕೇಳತಕ್ಕದ್ದು ನ್ಯಾಯ. ಪ್ರತಿಯೊಂದು ಆಟವನ್ನೂ ಪ್ರತಿಯೊಂದು ಆಪರೇಟಿಂಗ್ ಸಿಸ್ಟಮಿನಲ್ಲಿ, ಪ್ರತಿಯೊಂದು ಬಗೆಯ ಚಿತ್ರಫಲಕದಲ್ಲಿ ಆಡಿ ಪರೀಕ್ಷಿಸಬೇಕು. ಆಟ ತಯಾರಿಸುವ ಕಸುಬು ಕನ್ನಡ ನಾಡಿಗೆ ಅಪರಿಚಿತವಾದುದಲ್ಲ. 1997ರಲ್ಲಿಯೇ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು ಆರಂಭಿಸಿದರು. ಹೊರದೇಶಗಳ ಹೆಸರಾಂತ ಆಟಗಳಿಗೆ ಬೇಕಾದ ಕಲಾಕೆಲಸ ಅಲ್ಲಿಂದ ಹೋಗುತ್ತಿತ್ತು. 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡಿತು. ಇಂಥ ಕಾರ್ಯಾಗಾರಗಳ ಲೆಕ್ಕದಲ್ಲಿ ಒಂದೊಂದು ಹಳೆಯ ವ್ಯವಸ್ಥೆಯೂ ಒಂದೊಂದು ಹೆಚ್ಚಿನ ಖರ್ಚು. ಸ್ಟೀಮ್ ಬಾಗಿಲು ಮುಚ್ಚಿದ ಹೊತ್ತಿಗೆ ಅದರ ಬಳಕೆದಾರರಲ್ಲಿ ಹಳೆಯ ವಿಂಡೋಸಿನವರು ಸುಮಾರು ನೂರಕ್ಕೆ ಒಬ್ಬರು. ನೂರಕ್ಕೆ ಒಬ್ಬರೆಂದರೆ ಲೆಕ್ಕಪುಸ್ತಕದಲ್ಲಿ ಅಲ್ಪ. ಆದರೆ 2021ರಲ್ಲಿ ತಿಂಗಳಿಗೆ 13 ಕೋಟಿಗೂ ಹೆಚ್ಚು ಜನ ಸ್ಟೀಮನ್ನು ಬಳಸುತ್ತಿದ್ದರೆಂದು ವಾಲ್ವ್ ಪ್ರಕಟಿಸಿತ್ತು. ಅದರ ನೂರನೆಯ ಒಂದು ಪಾಲೆಂದರೆ 13 ಲಕ್ಷ ಜನ!

ತಡೆಗಳೆಲ್ಲವೂ ನಿಜವಾದ ತಡೆಗಳೆ? ಅದನ್ನೂ ಪರಿಶೀಲಿಸಬಹುದು. 2007ರಲ್ಲಿ ಹೇಲೋ 2 ಎಂಬ ಆಟವು ವಿಸ್ತಾದಲ್ಲಿ ಮಾತ್ರ ನಡೆಯುವುದೆಂದು ಮಾರಾಟವಾಯಿತು. ಹವ್ಯಾಸಿಗಳು ಅದನ್ನು ಎಕ್ಸ್‌ಪಿಯಲ್ಲಿಯೂ ನಡೆಸಿ ತೋರಿಸಿದರು. ಡೈರೆಕ್ಟ್‌ಎಕ್ಸ್ 12 ವಿಂಡೋಸ್ 10ಕ್ಕೆ ಮೀಸಲೆಂದು ಹೇಳುತ್ತಿದ್ದ ಮೈಕ್ರೋಸಾಫ್ಟ್ ಸಂಸ್ಥೆಯೇ 2019ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟಕ್ಕಾಗಿ ಅದನ್ನು ವಿಂಡೋಸ್ 7ಕ್ಕೂ ತಂದುಕೊಟ್ಟಿತು. ಎಂದ ಮೇಲೆ ಕೆಲವು ಗೋಡೆಗಳು ಕಲ್ಲಿನವು, ಕೆಲವು ಬರಿಯ ಬಣ್ಣದ ಗೆರೆಗಳು. ಯಾವುದು ಯಾವುದೆಂದು ತಿಳಿಯುವುದೇ ವಿವೇಕ.

ಬಂಗಾರಪೇಟೆಯ ಹಳಿ

ಕೋಲಾರ ಜಿಲ್ಲೆಯ ಹಿರಿಯರಿಗೆ ಈ ಸಮಸ್ಯೆಯನ್ನು ತಿಳಿಸಿಕೊಡುವುದು ಕಷ್ಟವಲ್ಲ. ಅವರು ಇದನ್ನು ಕಣ್ಣಾರೆ ಕಂಡವರು. ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಚಿಕ್ಕ ರೈಲು ಆರಂಭವಾಯಿತು. ಅದರ ಹಳಿಯ ಅಗಲ 762 ಮಿಲಿಮೀಟರು. ಅದೇ ನಿಲ್ದಾಣದ ಮೂಲಕ ಮದ್ರಾಸಿಗೂ ಬೆಂಗಳೂರಿಗೂ ಓಡುತ್ತಿದ್ದ ದೊಡ್ಡ ರೈಲಿನ ಹಳಿಯ ಅಗಲ 1,676 ಮಿಲಿಮೀಟರು. ದೊಡ್ಡ ಗಾಡಿ ಎಷ್ಟೇ ಸುಂದರವಾಗಿರಲಿ, ಚಿಕ್ಕ ಹಳಿಯ ಮೇಲೆ ಒಂದು ಅಡಿಯೂ ಮುಂದುವರಿಯಲಾರದು. ಕೋಲಾರಕ್ಕೆ ಹೋಗಬೇಕಾದ ಸರಕಿಗೆ ಇದ್ದ ಮಾರ್ಗಗಳು ಮೂರು: ಚಿಕ್ಕ ಹಳಿಗೆ ತಕ್ಕ ಚಿಕ್ಕ ಗಾಡಿಯಲ್ಲಿಯೇ ಹೊರಡುವುದು, ಬಂಗಾರಪೇಟೆಯಲ್ಲಿ ದೊಡ್ಡ ಗಾಡಿಯಿಂದ ಇಳಿಸಿ ಚಿಕ್ಕ ಗಾಡಿಗೆ ತುಂಬುವುದು, ಇಲ್ಲವೆ ಹಳಿಯನ್ನೇ ಕಿತ್ತು ಅಗಲಮಾಡುವುದು. ಕೊನೆಯದೇ ಕೊನೆಗೆ ಆಯಿತು. ಕೋಲಾರದಿಂದ ಚಿಕ್ಕಬಳ್ಳಾಪುರದವರೆಗಿನ ದಾರಿ ಅಗಲವಾದುದು 2013ರಲ್ಲಿ. ಬಹುಕಾಲ ಜನ ಮೊದಲೆರಡು ಉಪಾಯಗಳಿಂದಲೇ ಕಾಲ ಹಾಕಿದರು.

ಆಟದ ವಿಷಯದಲ್ಲಿಯೂ ಇವೇ ಮೂರು ಮಾರ್ಗಗಳು.

ಮೊದಲನೆಯದು ಹಳಿಗೆ ತಕ್ಕ ಗಾಡಿ. ಪೋಲೆಂಡ್ ದೇಶದ ಜಿ.ಒ.ಜಿ. ಎಂಬ ಮಾರಾಟಗಾರರು 2008ರಿಂದ ಆಟಗಳನ್ನು ಬೀಗವಿಲ್ಲದೆ ಮಾರುತ್ತಿದ್ದಾರೆ. ಕೊಂಡವರು ಅದರ ಪೂರ್ಣ ಪ್ರತಿಯನ್ನು ಇಳಿಸಿಕೊಂಡು, ಪೆಟ್ಟಿಗೆಯಲ್ಲಿಟ್ಟು, ಬೇಕಾದಾಗ ಜಾಲದ ಹಂಗಿಲ್ಲದೆ ಹಾಕಿಕೊಳ್ಳಬಹುದು. ದ್ವಾರಪಾಲಕನಿಲ್ಲದ ಆಟಕ್ಕೆ ಬಾಗಿಲು ಮುಚ್ಚುವ ಭಯವಿಲ್ಲ. ಕೆಲವು ಆಟಗಳು ತಮ್ಮ ಹಿಂದಿನ ಆವೃತ್ತಿಗಳನ್ನೂ ಉಳಿಸಿಕೊಟ್ಟಿರುತ್ತವೆ. 2015ಕ್ಕೆ ಮೊದಲು ಬಂದ ಉತ್ತಮ ಆಟಗಳನ್ನು ಆಡಿ ಮುಗಿಸಲು ಒಬ್ಬ ಹುಡುಗನ ಬೇಸಗೆ ರಜೆಗಳೆಲ್ಲ ಸಾಲವು. ಆದರೆ ನೆರೆಮನೆಯ ಗೆಳೆಯ ಆಡುವುದನ್ನೇ ತಾನೂ ಆಡಬೇಕೆಂಬ ಹಂಬಲಕ್ಕೆ ಈ ಮಾತು ಸಮಾಧಾನ ಹೇಳದು.

ಎರಡನೆಯದು ಸರಕು ವರ್ಗಾವಣೆ. ಇದರಲ್ಲಿ ಜಾಣರ ಕೈಚಳಕವಿದೆ. ವಿಎಕ್ಸ್‌ಕೆಕ್ಸ್ ಎಂಬ ಹವ್ಯಾಸಿ ತಂತ್ರಾಂಶವು ವಿಂಡೋಸ್ 7ರಲ್ಲಿ ಇಲ್ಲದ ಹೆಸರುಗಳಿಗೆ ತಾನು ಓಗೊಟ್ಟು, ಕೆಲಸವನ್ನು ಇರುವ ಹೆಸರುಗಳಿಂದ ಮಾಡಿಸುತ್ತದೆ. ಹಾಜರಿಯಲ್ಲಿ ಗೈರಾದವನ ಪರವಾಗಿ ಗೆಳೆಯ “ಇದ್ದೇನೆ ಸಾರ್” ಎಂದಂತೆ. ಇದರಿಂದ ಎಷ್ಟೋ ತಂತ್ರಾಂಶಗಳು ಏಳುತ್ತವೆ, ಎಲ್ಲವೂ ಏಳುವುದಿಲ್ಲ. ಇದಕ್ಕಿಂತ ಗಟ್ಟಿಯಾದ ದಾರಿ ಲಿನಕ್ಸಿನದು. ಹಳೆಯ ಯಂತ್ರದಿಂದ ಹಳೆಯ ವಿಂಡೋಸನ್ನು ತೆಗೆದು, ಇಂದಿಗೂ ಆರೈಕೆಯಲ್ಲಿರುವ ಯಾವುದಾದರೂ ಹಗುರವಾದ ಲಿನಕ್ಸನ್ನು ಹಾಕುವುದು. ಇದಕ್ಕೆ ಕಾಸಿನ ಖರ್ಚಿಲ್ಲ. ವಿಂಡೋಸಿಗಾಗಿ ಬರೆದ ಆಟವನ್ನು ಇಲ್ಲಿ ನಡೆಸಲು ವೈನ್ ಎಂಬ ದುಭಾಷಿ 1993ರಿಂದಲೇ ಸಿದ್ಧವಾಗುತ್ತ ಬಂದಿದೆ. ಅದನ್ನು ಆಧಾರವಾಗಿಟ್ಟುಕೊಂಡು ವಾಲ್ವ್ ಸಂಸ್ಥೆ 2018ರ ಆಗಸ್ಟಿನಲ್ಲಿ ಪ್ರೋಟಾನ್ ಎಂಬುದನ್ನು ಹೊರತಂದಿತು. ಡೈರೆಕ್ಟ್‌ಎಕ್ಸಿನ ಮಾತನ್ನು ವಲ್ಕನ್ ಎಂಬ ಮತ್ತೊಂದು ಚಿತ್ರಭಾಷೆಗೆ ಇದು ಆಡುವ ಹೊತ್ತಿನಲ್ಲಿಯೇ ಅನುವಾದಿಸುತ್ತದೆ. ಸಾವಿರಾರು ಆಟಗಳು ಹೀಗೆ ನಡೆಯುತ್ತಿವೆ. ಎಲ್ಲ ಸರಿ, ಆದರೆ ಅನುವಾದಕನಿಗೂ ಊಟ ಬೇಕು. ಚಿತ್ರಫಲಕಕ್ಕೆ ವಲ್ಕನ್ ಭಾಷೆಯ ಹೊಸ ಆವೃತ್ತಿಗಳು ತಿಳಿಯದಿದ್ದರೆ ಅನುವಾದ ನಿಂತುಹೋಗುತ್ತದೆ. ಹದಿನೈದು ವರ್ಷದ ಯಂತ್ರದಲ್ಲಿ ಈ ಸಂಕಟ ಬರುವುದೇ ಹೆಚ್ಚು.

ಲಿನಕ್ಸ್ ಎಂದರೆ ಪಂಡಿತರ ಸೊತ್ತೆಂಬ ಅಂಜಿಕೆ ಬೇಡ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ 2011ರಿಂದ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು ಎಂಬ ಲಿನಕ್ಸನ್ನೇ ಬಳಸಲಾಯಿತು. ಗಣಿತದ ಮೇಷ್ಟರು ಕಲಿಯಬಲ್ಲದ್ದನ್ನು ಅವರ ಶಿಷ್ಯರು ಕಲಿಯಲಾರರೆ?

ಇಷ್ಟಾದರೂ ಕೆಲವು ಆಟಗಳಿಗೆ ಯಾವ ವರ್ಗಾವಣೆಯೂ ಸಲ್ಲದು. ಹಲವರು ಸೇರಿ ಜಾಲದ ಮೂಲಕ ಆಡುವ ಸ್ಪರ್ಧೆಯ ಆಟಗಳಲ್ಲಿ ಮೋಸವನ್ನು ತಡೆಯುವ ಕಾವಲು ತಂತ್ರಾಂಶವಿರುತ್ತದೆ. ವ್ಯಾಲರಂಟ್ ಆಟದ ವ್ಯಾನ್‌ಗಾರ್ಡ್ ಅಂಥದು. ಅದು ಆಪರೇಟಿಂಗ್ ಸಿಸ್ಟಮಿನ ಗರ್ಭಗುಡಿಯಲ್ಲಿ ಕುಳಿತು ನೋಡುತ್ತಿರುತ್ತದೆ. ವಿಂಡೋಸ್ 11ರಲ್ಲಿ ಅದಕ್ಕೆ ಟಿ.ಪಿ.ಎಂ. 2.0 ಎಂಬ ರಕ್ಷಣಾ ಅಂಗವೂ ಬೇಕು. 2025ರ ಅಕ್ಟೋಬರಿನಲ್ಲಿ ಬಂದ ಬ್ಯಾಟಲ್‌ಫೀಲ್ಡ್ 6 ಸಹ ಯಂತ್ರ ಏಳುವಾಗಲೇ ರುಜು ನೋಡುವ ಸೆಕ್ಯೂರ್ ಬೂಟ್ ಏರ್ಪಾಡು ಕಡ್ಡಾಯವೆಂದಿತು. ಇಂಥವುಗಳ ಮುಂದೆ ದುಭಾಷಿಗೆ ಪ್ರವೇಶವಿಲ್ಲ.

ಮೂರನೆಯದು ಹಳಿಯನ್ನೇ ಅಗಲಮಾಡುವ ಮಾರ್ಗ. ಎಂದರೆ ಹೊಸ ವಿಂಡೋಸನ್ನು ಹಾಕುವುದು. ವಿಂಡೋಸ್ 11 ಕನಿಷ್ಠ 4 ಗಿಗಾಬೈಟು ಜ್ಞಾಪಕ, 64 ಗಿಗಾಬೈಟು ಸಂಗ್ರಹ, ಟಿ.ಪಿ.ಎಂ. 2.0 ಮತ್ತು ಸುಮಾರು 2018ರಿಂದೀಚಿನ ಸಂಸ್ಕಾರಕವನ್ನು ಕೇಳುತ್ತದೆ. ಈ ಪಟ್ಟಿಯನ್ನು ತಪ್ಪಿಸಿ ಹಾಕುವ ಉಪಾಯಗಳು ಬಳಕೆಯಲ್ಲಿವೆ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ತಿದ್ದುಪಡಿಗಳು ಬಂದೇ ಬರುತ್ತವೆಂದು ಮೈಕ್ರೋಸಾಫ್ಟ್ ಹೊಣೆ ಹೊರುವುದಿಲ್ಲ. ಯಂತ್ರವೇ ಹಳೆಯದಾದರೆ ಚಿತ್ರಫಲಕ, ಜ್ಞಾಪಕ, ವಿದ್ಯುತ್ ಪೆಟ್ಟಿಗೆ ಎಂದು ಒಂದೊಂದಾಗಿ ಸೇರಿಸುತ್ತ ಹೋಗಿ, ಕೊನೆಗೆ ಮೂಗಿಗಿಂತ ಮೂಗುತಿ ಭಾರವಾಗುವುದನ್ನು ಅನೇಕ ಮನೆಗಳು ಕಂಡಿವೆ.

ಅಗುಳಿಯಿಲ್ಲದ ಬಾಗಿಲು

ಈಗ ಸೋದರಮಾವನ ಆ ಪ್ರಶ್ನೆಗೆ ಬರಬಹುದು: “ಎಲ್ಲಿಂದ ತಂದೆ?”

ಕಾಣೆಯಾದ ಫೈಲನ್ನು ಹುಡುಕುವ ಹುಡುಗನು ಗುರುತಿಲ್ಲದ ತಾಣಗಳನ್ನು ಹೊಗುತ್ತಾನೆ. ಆಟವನ್ನು ಕಾಸಿಲ್ಲದೆ ಕೊಡುತ್ತೇವೆಂಬವರ ಬಳಿ ಹೋಗುತ್ತಾನೆ. “ವೈರಸ್ ತಡೆಯುವ ತಂತ್ರಾಂಶವನ್ನು ಸ್ವಲ್ಪ ಹೊತ್ತು ನಿಲ್ಲಿಸಿ” ಎಂದು ಅಲ್ಲಿ ಬರೆದಿದ್ದರೆ, ಹಾಗೆಯೇ ನಿಲ್ಲಿಸುತ್ತಾನೆ. ಕಳ್ಳನು ಬಂದು “ನಾಯಿಯನ್ನು ಕಟ್ಟಿಹಾಕಿ” ಎಂದರೆ ಯಾವ ಯಜಮಾನನೂ ಕಟ್ಟಿಹಾಕುವುದಿಲ್ಲ. ಆದರೆ ಆಟದ ಆಸೆಯಲ್ಲಿ ಹದಿನಾಲ್ಕು ವರ್ಷದ ಹುಡುಗನಿಗೆ ಅದು ತೋಚದು. ಅದೇ ಯಂತ್ರದಲ್ಲಿ ತಂದೆಯ ಬ್ಯಾಂಕಿನ ಖಾತೆಯನ್ನೂ, ಜಮೀನಿನ ಪತ್ರಗಳ ಪ್ರತಿಯನ್ನೂ, ಅಕ್ಕನ ಕಾಲೇಜಿನ ಅರ್ಜಿಯನ್ನೂ ತೆರೆಯುತ್ತಾರೆ ಎಂಬುದನ್ನು ಮರೆಯಲಾಗದು.

ಇದು ಬರಿಯ ಹೆದರಿಕೆಯ ಮಾತಲ್ಲ. 2017ರ ಮೇ 12ರಂದು ವಾನ್ನಕ್ರೈ ಎಂಬ ಪಿಡುಗು ಲೋಕದ 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮೇಲ್ಪಟ್ಟ ಕಂಪ್ಯೂಟರುಗಳನ್ನು ಹಿಡಿಯಿತು. ಕಡತಗಳಿಗೆ ಬೀಗ ಹಾಕಿ, ಬೀಗದ ಕೈಗೆ ಹಣ ಕೇಳಿತು. ತಾಯಲೂರಿಗೆ ದೂರವಲ್ಲದ ಚಿತ್ತೂರು ಜಿಲ್ಲೆಯ ಪೊಲೀಸ್ ಇಲಾಖೆಯ ಕಂಪ್ಯೂಟರುಗಳೂ ಅದಕ್ಕೆ ತುತ್ತಾದವು. ಗಮನಿಸತಕ್ಕ ಅಂಶವೆಂದರೆ, ಆ ಬಿರುಕನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚಿಯಲ್ಲಿ, ಹೊರತಂದಿತ್ತು. ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ಆ ತಿದ್ದುಪಡಿಯನ್ನು ಹಾಕಿಸಿಕೊಳ್ಳದೆ ಉಳಿದಿದ್ದ ವಿಂಡೋಸ್ 7 ಯಂತ್ರಗಳು. ಆಗ ವಿಂಡೋಸ್ 7ಕ್ಕೆ ಆರೈಕೆ ಇತ್ತು. ಆರೈಕೆಯೇ ನಿಂತುಹೋದ ಯಂತ್ರದ ಸ್ಥಿತಿ ಏನೆಂಬುದನ್ನು ವಾಚಕರೇ ಊಹಿಸಬಹುದು. ಮುಳಬಾಗಿಲು ಎಂಬ ಹೆಸರು ಮೂಡಲ ಬಾಗಿಲು ಎಂಬುದರಿಂದ ಬಂದಿತೆಂದು ಹೇಳುತ್ತಾರೆ. ಬಾಗಿಲೆಂದ ಮೇಲೆ ಅಗುಳಿ ಇರಬೇಕು. ಆರೈಕೆಯಿಲ್ಲದ ಯಂತ್ರವನ್ನು ಜಾಲಕ್ಕೆ ಸೇರಿಸುವುದು ಅಗುಳಿಯಿಲ್ಲದ ಬಾಗಿಲನ್ನು ರಾತ್ರಿಯೆಲ್ಲ ಬೀದಿಗೆ ತೆರೆದಿಟ್ಟಂತೆ.

ಮನೆಯವರು ಮಾಡತಕ್ಕದ್ದು

ಹಾಗಾದರೆ ಹುಡುಗನ ಆಸೆಯನ್ನು ಗದರಿಸಿ ಅಡಗಿಸಬೇಕೆ? ಅದು ಬೇಕಿಲ್ಲ. ಹಳೆಯ ಯಂತ್ರದಲ್ಲಿ ಹೊಸ ಆಟವನ್ನು ಏಳಿಸಲು ಒದ್ದಾಡುವ ಹುಡುಗನು ಆಟಕ್ಕಿಂತ ಹೆಚ್ಚಿನದನ್ನು ಕಲಿಯುತ್ತಾನೆ. ಜ್ಞಾಪಕವೆಂದರೇನು, ಚಾಲಕವೆಂದರೇನು, ದೋಷದ ಬರಹವನ್ನು ಓದುವುದು ಹೇಗೆ ಎಂಬುದನ್ನು ಯಾವ ಮೇಷ್ಟರ ಬೆತ್ತವೂ ಅಷ್ಟು ಚೆನ್ನಾಗಿ ಕಲಿಸದು. ಹಿರಿಯರು ಮಾಡಬೇಕಾದುದು ಆ ಉತ್ಸಾಹಕ್ಕೆ ಒಂದು ಬೇಲಿ ಕಟ್ಟಿಕೊಡುವುದು.

ಆಟದ ಯಂತ್ರವೂ ಹಣಕಾಸಿನ ಯಂತ್ರವೂ ಬೇರೆ ಬೇರೆ ಇರಲಿ. ಬ್ಯಾಂಕಿನ ವ್ಯವಹಾರವನ್ನು ತಿದ್ದುಪಡಿಗಳು ಬರುತ್ತಿರುವ ಫೋನಿನಲ್ಲಿ ಮಾತ್ರ ನಡೆಸಬೇಕು. ಹಳೆಯ ಕಂಪ್ಯೂಟರಿನಲ್ಲಿ ಆ ಗುಪ್ತಪದವನ್ನು ಒಮ್ಮೆಯೂ ಬರೆಯಬಾರದು. ಹಳೆಯ ವಿಂಡೋಸನ್ನೇ ಉಳಿಸಿಕೊಳ್ಳುವುದಾದರೆ ಅದನ್ನು ಜಾಲದಿಂದ ದೂರವಿಟ್ಟು, ಬೀಗವಿಲ್ಲದ ಆಟಗಳನ್ನು ಬೇರೆ ಯಂತ್ರದಲ್ಲಿ ಇಳಿಸಿ, ಪೆನ್‌ಡ್ರೈವಿನಲ್ಲಿ ತಂದು ಹಾಕಿಕೊಳ್ಳಬಹುದು. ಜಾಲ ಬೇಕೇ ಬೇಕೆಂದರೆ ಲಿನಕ್ಸೇ ಮೇಲು. ಯಾವುದನ್ನು ಹಾಕುವುದಕ್ಕೂ ಮುಂಚೆ ಮನೆಯ ಛಾಯಾಚಿತ್ರಗಳನ್ನೂ ಕಾಗದಪತ್ರಗಳನ್ನೂ ಬೇರೆಡೆಗೆ ನಕಲು ಮಾಡಿಟ್ಟುಕೊಳ್ಳತಕ್ಕದ್ದು. ನುಡಿ, ಬರಹಗಳಲ್ಲಿ ಟೈಪು ಮಾಡಿದ ಹಳೆಯ ಕನ್ನಡ ಕಡತಗಳಿದ್ದರೆ ಅವನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳುವುದು ಮತ್ತೂ ಒಳ್ಳೆಯದು. ಹಳೆಯ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅವು ಓದಲಾಗದ ಚಿಹ್ನೆಗಳಾಗಿ ಕಾಣಿಸುತ್ತವೆ. ಮೋಸವಾಗಿ ಹಣ ಹೋಯಿತೆಂದು ಕಂಡೊಡನೆ 1930 ಎಂಬ ಸಂಖ್ಯೆಗೆ ದೂರವಾಣಿ ಮಾಡಬೇಕು. ಮಗ ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಸಮಯ ಕಳೆದುಹೋಗುತ್ತದೆ. ಆದುದರಿಂದ ಹೇಳಿದವನನ್ನು ಬೈಯಬಾರದೆಂಬುದೂ ರಕ್ಷಣೆಯ ಒಂದು ನಿಯಮವೇ.

ಊರಿಗೆ ಯಂತ್ರ ಕಳುಹಿಸುವ ನಗರದ ಬಂಧುಗಳಿಗೂ ಒಂದು ಮಾತು ಸಲ್ಲುತ್ತದೆ. ಹಳೆಯ ಯಂತ್ರವನ್ನು ಕೊಡುವುದು ಔದಾರ್ಯ. ಅದನ್ನು ಒರೆಸಿ, ಬಳಸಿದ ಗುರುತುಗಳನ್ನು ಅಳಿಸಿ, ಆರೈಕೆಯಲ್ಲಿರುವ ಆಪರೇಟಿಂಗ್ ಸಿಸ್ಟಮೊಂದನ್ನು ಹಾಕಿ, ಸಾಧ್ಯವಾದರೆ ಓಡುವ ತಟ್ಟೆಯ ಬದಲಿಗೆ ಒಂದು ಎಸ್.ಎಸ್.ಡಿ. ಕೂರಿಸಿ ಕೊಡುವುದು ಪೂರ್ಣವಾದ ಔದಾರ್ಯ. ಇನ್ನು ಯಾವುದಕ್ಕೂ ಬಾರದೆಂದು ತೀರ್ಮಾನವಾದ ಯಂತ್ರವನ್ನು ಗುಜರಿಯ ರಾಶಿಗೆ ಎಸೆಯಬಾರದು. ಸೀಸ ಮೊದಲಾದ ವಿಷವಸ್ತುಗಳು ಅದರೊಳಗಿವೆ. ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ 2005ರಷ್ಟು ಹಿಂದೆಯೇ ಇ-ಪರಿಸರ ಸಂಸ್ಥೆ ಇಂಥ ತ್ಯಾಜ್ಯವನ್ನು ಕ್ರಮವಾಗಿ ಬಿಡಿಸುವ ಕೆಲಸ ಆರಂಭಿಸಿತು. ಅಂಥ ಪರವಾನಗಿ ಪಡೆದವರಿಗೇ ಅದನ್ನು ಒಪ್ಪಿಸಬೇಕು.

ಉಳಿದದ್ದು ಆಟ ಕೊಳ್ಳುವ ಮಾತು. ಕಾಸು ಕೊಡುವ ಮುನ್ನ ಮೂರು ವಿಷಯಗಳನ್ನು ಕಾಗದದ ಮೇಲೆ ಬರೆದುಕೊಳ್ಳಲು ಹುಡುಗನಿಗೇ ಹೇಳಬೇಕು: ತನ್ನ ಯಂತ್ರದ ಆಪರೇಟಿಂಗ್ ಸಿಸ್ಟಂ ಯಾವುದು, ಚಿತ್ರಫಲಕವೂ ಸಂಸ್ಕಾರಕವೂ ಯಾವ ವರ್ಷದವು, ಈ ಆಟಕ್ಕೆ ಜಾಲದ ಕಾವಲುಗಾರ ಉಂಟೋ ಇಲ್ಲವೋ. ಆಟದ ಮಾರಾಟದ ಪುಟದಲ್ಲಿ ಕನಿಷ್ಠ ಅಗತ್ಯಗಳ ಪಟ್ಟಿ ಇದ್ದೇ ಇರುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲಿ. ಹೊಂದಿಕೆಯಾದರೆ ಕೊಳ್ಳಲಿ. ಹೊಂದಿಕೆಯಾಗದಿದ್ದರೆ, ಯಾವ ತಡೆಯಿಂದ ಹೊಂದಲಿಲ್ಲವೆಂಬುದನ್ನು ಅವನೇ ಮನೆಯವರಿಗೆ ವಿವರಿಸಿ ಹೇಳಲಿ. ಹಾಗೆ ವಿವರಿಸಬಲ್ಲ ಹುಡುಗನಿಗೆ ಮುಂದೆ ಒಂದು ಹೊಸ ಯಂತ್ರವನ್ನು ಕೊಡಿಸಿದರೆ ಹಣ ವ್ಯರ್ಥವಾಯಿತೆಂದು ಯಾವ ತಂದೆಯೂ ಮರುಗಬೇಕಾಗಿಲ್ಲ.